ಆರ್‌ವಿಯಲ್ಲಿ ಪ್ರೊಪೇನ್ ಹೀಟರ್ ಹತ್ತಿ ಹತ್ತಿ ಆರುತ್ತಿದ್ದರೆ ಮೊದಲು ಎಲ್ಲಿ ನೋಡಬೇಕು

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಆರ್‌ವಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಪ್ರವಾಸದ ಗಾಡಿ, ಬಾಡಿಗೆಗೆ ತಗೊಂಡು ಯೂಟಾ, ಅರಿಜೋನಾ, ವಯೋಮಿಂಗ್ ಕಡೆ ಹೊರಡುವವರು ಈಗ ಬೇಕಾದಷ್ಟು ಜನ ಇದ್ದಾರೆ. ಅಕ್ಟೋಬರ್ ಬಂತೆಂದರೆ ಆ ಕಡೆಯ ಎತ್ತರದ ಜಾಗಗಳಲ್ಲಿ ಹಗಲು ಹಿತವಾದ ಬಿಸಿಲು, ರಾತ್ರಿ ಬಕೆಟ್ಟಿನ ನೀರು ಗಡ್ಡೆಕಟ್ಟುವಷ್ಟು ಚಳಿ. ಗಾಡಿಗೆ ತನ್ನದೇ ಫರ್ನೇಸ್ ಇರುತ್ತದೆ, ನಿಜ. ಆದರೆ ಅದರ ಫ್ಯಾನ್ ಓಡುವುದು ಬ್ಯಾಟರಿಯಿಂದ. ಕರೆಂಟ್ ಇಲ್ಲದ ಕ್ಯಾಂಪಿನಲ್ಲಿ ರಾತ್ರಿಯಿಡೀ ಓಡಿಸಿದರೆ ಬೆಳಗಿನ ಜಾವಕ್ಕೆ ಬ್ಯಾಟರಿ ಇಳಿದುಹೋಗಿರುತ್ತದೆ. ಹಾಗಾಗಿ ಮಲಗುವ ಮುಂಚೆ ಸ್ವಲ್ಪ ಹೊತ್ತು, ಬೆಳಗ್ಗೆ ಎದ್ದು ಕಾಫಿ ಮಾಡುವಾಗ ಸ್ವಲ್ಪ ಹೊತ್ತು ಗಾಡಿ ಬೆಚ್ಚಗಾಗಲಿ ಅಂತ ಜನ ಕೈಯಲ್ಲಿ ಎತ್ತಿಕೊಂಡು ಹೋಗುವಂಥ ಪುಟ್ಟ ಪ್ರೊಪೇನ್ ಹೀಟರ್ ಇಟ್ಟುಕೊಳ್ಳುತ್ತಾರೆ.

ಅದು ಕೈಕೊಡುವ ರೀತಿ ಹೆಚ್ಚುಕಮ್ಮಿ ಎಲ್ಲರಿಗೂ ಒಂದೇ. ಹತ್ತುತ್ತದೆ, ನಾಬ್‌ನಿಂದ ಕೈ ತೆಗೆದ ತಕ್ಷಣ ಆರುತ್ತದೆ. ಇಲ್ಲವೇ ಹತ್ತು ನಿಮಿಷ ಚೆನ್ನಾಗಿ ಉರಿದು ಆಮೇಲೆ ಸದ್ದಿಲ್ಲದೆ ನಿಂತುಹೋಗುತ್ತದೆ. ಹೀಟರ್ ಕೆಟ್ಟಿದೆ ಅಂತ ಎಲ್ಲರೂ ತೀರ್ಮಾನಿಸಿಬಿಡುತ್ತಾರೆ. ಆದರೆ ಇಂಥ ಹೀಟರ್ ತಾನಾಗಿ ಆರಿತು ಅಂದರೆ ಬಹಳ ಸಲ ಅದು ಕೆಟ್ಟಿರುವುದಿಲ್ಲ. ಯಾವುದೋ ಕಾರಣಕ್ಕೆ ಗ್ಯಾಸನ್ನು ತಾನೇ ನಿಲ್ಲಿಸಿರುತ್ತದೆ. ಆ ಕಾರಣವನ್ನು ಹುಡುಕಬೇಕೇ ಹೊರತು, ಹೇಗಾದರೂ ಉರಿಯುವಂತೆ ಮಾಡಲು ಹೋಗಬಾರದು. ಸೇಫ್ಟಿ ಭಾಗಗಳನ್ನು ಬೈಪಾಸ್ ಮಾಡುವುದು ಹೇಗೆ ಅಂತ ಹೇಳಿಕೊಡುವ ವಿಡಿಯೋಗಳು ಸಿಗುತ್ತವೆ. ದಯವಿಟ್ಟು ಆ ಕಡೆ ಹೋಗಬೇಡಿ. ಆರ್‌ವಿ ಅಂದರೆ ಒಂದು ಸಣ್ಣ ಕೋಣೆಯಷ್ಟು ಗಾಳಿ, ಅದರಲ್ಲಿ ನಿಮ್ಮ ಮಕ್ಕಳು ಮಲಗಿರುತ್ತಾರೆ.

ಒಳಗೆ ಏನಾಗುತ್ತದೆ

ಅಮೆರಿಕದಲ್ಲಿ ಹೆಚ್ಚು ಕಾಣಸಿಗುವುದು ಮಿಸ್ಟರ್ ಹೀಟರ್ ಕಂಪನಿಯ ‘ಬಡ್ಡಿ’ ಅನ್ನುವ ಮಾದರಿ. ಸಣ್ಣದಕ್ಕೆ ಎರಡು ಮಟ್ಟ: ಗಂಟೆಗೆ 4,000 ಬಿಟಿಯು ಮತ್ತು 9,000 ಬಿಟಿಯು (ಬಿಟಿಯು ಅಂದರೆ ಶಾಖದ ಒಂದು ಅಳತೆ). ದೊಡ್ಡದು 18,000ದವರೆಗೂ ಹೋಗುತ್ತದೆ. ಬೇರೆ ಕಂಪನಿಗಳ ಹೀಟರ್‌ಗಳೂ ಬಹುಪಾಲು ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ, ಹಾಗಾಗಿ ಇದನ್ನೇ ಇಟ್ಟುಕೊಂಡು ವಿವರಿಸುತ್ತೇನೆ.

ಸಿಲಿಂಡರ್‌ನಿಂದ ಬರುವ ಗ್ಯಾಸ್ ಮೊದಲು ಹೀಟರ್ ಒಳಗಿನ ರೆಗ್ಯುಲೇಟರಿಗೆ ಹೋಗುತ್ತದೆ. ಅಲ್ಲಿ ಒತ್ತಡ ಇಳಿಯುತ್ತದೆ. ನಾಬ್ ಒತ್ತಿ ಹಿಡಿದಾಗ ಸ್ವಲ್ಪ ಗ್ಯಾಸ್ ಮಾತ್ರ ಒಂದು ಸಣ್ಣ ನಳಿಕೆಗೆ ಹೋಗಿ ಪೈಲಟ್ ಉರಿ, ಅಂದರೆ ದೊಡ್ಡ ಉರಿಗೆ ಮುಂಚೆ ಹತ್ತುವ ಪುಟ್ಟ ಉರಿ, ಹತ್ತುತ್ತದೆ. ಆ ಪುಟ್ಟ ನೀಲಿ ಉರಿಯ ತುದಿಗೆ ಸರಿಯಾಗಿ ತಾಗುವಂತೆ ಒಂದು ಲೋಹದ ಕಡ್ಡಿ ಇರುತ್ತದೆ, ಅದೇ ಥರ್ಮೋಕಪಲ್. ಅದು ಕಾದಾಗ ಕೆಲವೇ ಮಿಲಿವೋಲ್ಟ್‌ಗಳಷ್ಟು ಕರೆಂಟ್ ತಾನೇ ಹುಟ್ಟಿಸುತ್ತದೆ. ಬ್ಯಾಟರಿ ಇಲ್ಲ, ಏನಿಲ್ಲ. ಆ ಇಷ್ಟೇ ಇಷ್ಟು ಕರೆಂಟು ಸೇಫ್ಟಿ ವಾಲ್ವ್ ಒಳಗಿನ ಒಂದು ಮ್ಯಾಗ್ನೆಟ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀವು ನಾಬ್ ಬಿಟ್ಟ ಮೇಲೂ ವಾಲ್ವ್ ತೆರೆದೇ ಇರುವುದು ಆ ಮ್ಯಾಗ್ನೆಟ್‌ನಿಂದ. ಕಡ್ಡಿ ತಣ್ಣಗಾಯಿತೋ, ಮ್ಯಾಗ್ನೆಟ್ ಕೈಬಿಡುತ್ತದೆ, ವಾಲ್ವ್ ಮುಚ್ಚುತ್ತದೆ, ಎಲ್ಲಾ ಆರುತ್ತದೆ.

ಇದರ ಮೇಲೆ ಎರಡು ಕಾವಲು. ಒಂದು, ಹೀಟರ್ ಬಿದ್ದರೆ ಅಥವಾ ಜಾಸ್ತಿ ವಾಲಿದರೆ ಆರಿಸುವ ಸ್ವಿಚ್. ಇನ್ನೊಂದು ಆಮ್ಲಜನಕದ ಸೆನ್ಸರ್. ಸೆನ್ಸರ್ ಅಂದ ತಕ್ಷಣ ಯಾವುದೋ ಎಲೆಕ್ಟ್ರಾನಿಕ್ ಚಿಪ್ ಇರಬೇಕು ಅಂತ ಅನ್ನಿಸುತ್ತದೆ, ಅಲ್ವಾ? ಅಂಥದ್ದೇನೂ ಇಲ್ಲ. ಆ ಪೈಲಟ್ ಉರಿಯೇ ಸೆನ್ಸರ್. ಗಾಳಿಯಲ್ಲಿ ಸಾಮಾನ್ಯವಾಗಿ ಶೇ. 21ರಷ್ಟು ಆಮ್ಲಜನಕ ಇರುತ್ತದೆ. ಅದು ಶೇ. 18ರ ಹತ್ತಿರಕ್ಕೆ ಇಳಿದಾಗ ಪೈಲಟ್ ಉರಿ ನಳಿಕೆಯ ಬಾಯಿ ಬಿಟ್ಟು ಮೇಲೆದ್ದು ಅಲ್ಲಾಡತೊಡಗುತ್ತದೆ, ಕಡ್ಡಿಗೆ ಸರಿಯಾಗಿ ತಾಗುವುದಿಲ್ಲ. ಕಡ್ಡಿ ತಣಿಯುತ್ತದೆ, ಗ್ಯಾಸ್ ನಿಲ್ಲುತ್ತದೆ. ಪೈಲಟ್ ನಳಿಕೆಯ ತೂತು ಮತ್ತು ಅದರ ಗಾಳಿಯ ಕಿಂಡಿಯ ಅಳತೆ ಅಷ್ಟು ಕರಾರುವಾಕ್ಕಾಗಿ ಇರುವುದರಿಂದಲೇ ಇದು ಸಾಧ್ಯ.

ಇಷ್ಟು ಗೊತ್ತಾದರೆ ಹುಡುಕುವ ದಾರಿ ಅರ್ಧ ಸಿಕ್ಕಂತೆ. ಗ್ಯಾಸ್ ಸರಿಯಾಗಿ ಬರುತ್ತಿದೆಯಾ, ಪೈಲಟ್ ಉರಿ ಕಡ್ಡಿಗೆ ತಾಗುತ್ತಿದೆಯಾ, ಉರಿಗೆ ಬೇಕಾದಷ್ಟು ಗಾಳಿ ಇದೆಯಾ. ಈ ಮೂರರಲ್ಲಿ ಯಾವುದು ತಪ್ಪಿದರೂ ನಿಮಗೆ ಹೊರಗೆ ಕಾಣುವುದು ಒಂದೇ: ಹೀಟರ್ ಆರಿತು.

ಎತ್ತರ

ಪ್ರವಾಸಕ್ಕೆ ಹೋದವರು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು, ಎಲ್ಲಕ್ಕಿಂತ ಕೊನೆಗೆ ನೆನಪಾಗುವುದೂ ಇದೇ. ಈಗ ಎಷ್ಟು ಎತ್ತರದಲ್ಲಿದ್ದೀರಿ?

ಯೂಟಾದಲ್ಲಿ ಝಯಾನ್ ರಾಷ್ಟ್ರೀಯ ಉದ್ಯಾನ ನೋಡಿಕೊಂಡು ಮರುದಿನ ಬ್ರೈಸ್ ಕ್ಯಾನ್ಯನ್‌ಗೆ ಹೋಗುವುದು ಬಹಳ ಜನ ಹಿಡಿಯುವ ದಾರಿ. ಎರಡು ಗಂಟೆಯ ಡ್ರೈವ್ ಅಷ್ಟೇ. ಝಯಾನ್ ಕಣಿವೆಯ ತಳ ಸುಮಾರು 4,000 ಅಡಿ ಎತ್ತರದಲ್ಲಿದೆ, ಹೀಟರ್ ಅಲ್ಲಿ ಸೊಗಸಾಗಿ ಉರಿಯುತ್ತದೆ. ಬ್ರೈಸ್‌ನ ಕ್ಯಾಂಪ್‌ಗ್ರೌಂಡುಗಳು ಇರುವುದು ಸುಮಾರು 8,000 ಅಡಿಯಲ್ಲಿ. ಹಿಂದಿನ ರಾತ್ರಿ ಉರಿದ ಅದೇ ಹೀಟರ್, ಅದೇ ಸಿಲಿಂಡರ್, ಅಲ್ಲಿ ಹಟ ಹಿಡಿದ ಹಾಗೆ ಆರುತ್ತಲೇ ಇರುತ್ತದೆ. ಬಡ್ಡಿ ಹೀಟರ್‌ನ ಕೈಪಿಡಿಯಲ್ಲೇ ಬರೆದಿದೆ: 7,000 ಅಡಿ ದಾಟಿದ ಮೇಲೆ ಹೀಟರ್ ಆರಿಹೋಗಬಹುದು.

ಯಾಕೆ ಹೀಗೆ? ಬೆಟ್ಟದ ಮೇಲೆ ಹೋದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ. 21 ಹಾಗೇ ಇರುತ್ತದೆ. ಆದರೆ ಗಾಳಿಯೇ ತೆಳುವಾಗಿರುತ್ತದೆ. 8,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲು ಮಾತ್ರ. ಅಂದರೆ ಪೈಲಟ್ ಉರಿಗೆ ಸಿಗುವ ಆಮ್ಲಜನಕವೂ ಮುಕ್ಕಾಲು ಪಾಲು. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಮ್ಮಿಯಾಗಿದ್ದಕ್ಕೂ ಬೆಟ್ಟದ ಮೇಲಿನ ತೆಳು ಗಾಳಿಗೂ ಆ ಉರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಎರಡಕ್ಕೂ ಅದು ಒಂದೇ ರೀತಿ ವರ್ತಿಸುತ್ತದೆ.

ಯೆಲ್ಲೋಸ್ಟೋನ್‌ನ ಬಹುಭಾಗ 7,000 ಅಡಿಗಿಂತ ಮೇಲಿದೆ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು ಹೆಚ್ಚುಕಮ್ಮಿ ಆ ಗೆರೆಯ ಮೇಲೇ ನಿಂತಿದೆ, ಉತ್ತರ ಅಂಚು 8,000 ದಾಟುತ್ತದೆ. ನಮ್ಮೂರಿನ ಅಂದಾಜಿನಲ್ಲಿ ಇದೆಷ್ಟು ಎತ್ತರ ಅಂದರೆ, ಕರ್ನಾಟಕದಲ್ಲೇ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ ಸುಮಾರು 6,330 ಅಡಿ. ಇಡೀ ಕರ್ನಾಟಕದಲ್ಲಿ ಎಲ್ಲಿ ನಿಂತರೂ ಈ ಹೀಟರ್‌ಗೆ ಎತ್ತರದ ತೊಂದರೆ ಬರುವುದಿಲ್ಲ. ಅದಕ್ಕೇ ಈ ಕಾರಣ ನಮ್ಮವರಿಗೆ ಸುಲಭಕ್ಕೆ ಹೊಳೆಯುವುದಿಲ್ಲವೋ ಏನೋ.

ಇದಕ್ಕೆ ರಿಪೇರಿ ಇಲ್ಲ. ಒಂದು ಮಧ್ಯಾಹ್ನ ಪೂರ್ತಿ ಹೀಟರ್ ಬಿಚ್ಚಿಟ್ಟುಕೊಂಡು ಕೂತರೂ ಪ್ರಯೋಜನವಿಲ್ಲ. ಎತ್ತರದಲ್ಲಿ ರಾತ್ರಿ ಕಳೆಯಬೇಕಾದರೆ ಗಾಡಿಯ ಫರ್ನೇಸನ್ನೇ ನಂಬಿಕೊಳ್ಳಿ, ಅದಕ್ಕಾಗಿ ಬ್ಯಾಟರಿ ಹಗಲೇ ಪೂರ್ತಿ ಚಾರ್ಜ್ ಮಾಡಿಟ್ಟುಕೊಳ್ಳಿ, ಅಥವಾ ಕರೆಂಟ್ ಕೊಡುವ ಕ್ಯಾಂಪ್‌ಗ್ರೌಂಡ್ ಹುಡುಕಿ ಎಲೆಕ್ಟ್ರಿಕ್ ಹೀಟರ್ ಬಳಸಿ. ಬ್ರೈಸ್ ಪಾರ್ಕ್ ಒಳಗಿನ ಕ್ಯಾಂಪ್‌ಗ್ರೌಂಡುಗಳಲ್ಲಿ ಆ ಕನೆಕ್ಷನ್ ಇಲ್ಲ, ಹೊರಗಿನ ಖಾಸಗಿ ಜಾಗಗಳಲ್ಲಿ ಸಿಗುತ್ತದೆ.

ನಾಬ್ ಬಿಟ್ಟ ತಕ್ಷಣ ಆರಿದರೆ

ಎತ್ತರ ಕಾರಣವಲ್ಲ ಅಂತಾದರೆ ಪೈಲಟ್ ಹತ್ತಿರ ಬನ್ನಿ.

ಮೊದಲು ತಾಳ್ಮೆ. ಹೊಸ ಸಿಲಿಂಡರ್ ಹಾಕಿದಾಗ ಒಳಗಿನ ನಳಿಕೆಯಲ್ಲಿ ಗಾಳಿ ತುಂಬಿರುತ್ತದೆ, ಅದು ಹೊರಗೆ ಹೋಗಿ ಗ್ಯಾಸ್ ಬರಲು ಸ್ವಲ್ಪ ಹೊತ್ತು ಬೇಕು. ಉದ್ದ ಪೈಪ್ ಹಾಕಿದ್ದರೆ ಇನ್ನೂ ಜಾಸ್ತಿ. ಪೈಲಟ್ ಹತ್ತಿದ ಮೇಲೂ ನಾಬನ್ನು ಕನಿಷ್ಠ 30 ಸೆಕೆಂಡ್ ಒತ್ತಿ ಹಿಡಿದೇ ಇರಬೇಕು, ಚಳಿ ಜಾಸ್ತಿ ಇದ್ದರೆ ಇನ್ನೂ ಸ್ವಲ್ಪ ಹೆಚ್ಚು. ಬೆರಳು ನೋಯುತ್ತದೆ ಅಂತ ಹತ್ತು ಸೆಕೆಂಡಿಗೇ ಬಿಡುವವರು ಜಾಸ್ತಿ. ಕಡ್ಡಿ ಕಾಯದೆ ಮ್ಯಾಗ್ನೆಟ್ ಹಿಡಿಯುವುದಿಲ್ಲ.

ಹಾಗೆ ಹಿಡಿದರೂ ನಿಲ್ಲದಿದ್ದರೆ ದೀಪ ಆರಿಸಿ ಕತ್ತಲಲ್ಲಿ ಪೈಲಟ್ ಉರಿಯನ್ನು ನೋಡಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಸರಿಯಾದ ಉರಿ ನೀಲಿ, ಚೂಪು, ನೆಟ್ಟಗೆ ಹೋಗಿ ಕಡ್ಡಿಯ ತುದಿಯನ್ನು ಸುತ್ತಿಕೊಂಡಿರುತ್ತದೆ. ಆ ತುದಿ ಸ್ವಲ್ಪ ಹೊತ್ತಿಗೆ ಮಂದ ಕೆಂಪಗೆ ಕಾಣಬೇಕು. ಉರಿ ಹಳದಿಯಾಗಿದ್ದರೆ, ಮೆತ್ತಗೆ ಮೇಲಕ್ಕೆ ಬಾಗಿದ್ದರೆ, ಕಡ್ಡಿಯ ಪಕ್ಕದಿಂದ ಹಾದುಹೋಗುತ್ತಿದ್ದರೆ, ಪೈಲಟ್ ನಳಿಕೆಯಲ್ಲಿ ಕಸ ಇದೆ ಅಂತಲೇ ಲೆಕ್ಕ.

ಆರ್‌ವಿಯಲ್ಲಿ ಈ ಕಸ ಸೇರುವುದು ಬಹಳ ಸುಲಭ. ಹೀಟರ್ ಇರುವುದು ನೆಲದ ಮೇಲೆ. ಕಾರ್ಪೆಟ್ಟಿನ ನೂಲು, ನಾಯಿಯ ಕೂದಲು, ಶೂ ಜೊತೆ ಬಂದ ಕೆಂಪು ಧೂಳು ಎಲ್ಲ ಅದೇ ಮಟ್ಟದಲ್ಲಿ ಹಾರಾಡುತ್ತಿರುತ್ತವೆ. ಬೇಸಿಗೆಯಿಡೀ ಗಾಡಿಯ ಡಿಕ್ಕಿಯಲ್ಲೋ ಗ್ಯಾರೇಜಿನಲ್ಲೋ ಬಿದ್ದಿದ್ದರೆ ಜೇಡ ಒಳಗೆ ಬಲೆ ಕಟ್ಟಿರುತ್ತದೆ. ಪೈಲಟ್ ನಳಿಕೆಯ ಬುಡದ ಕಡೆ, ಪಕ್ಕದಲ್ಲಿ, ಒಂದು ಚಿಕ್ಕ ಕಿಂಡಿ ಇರುತ್ತದೆ. ಉರಿಗೆ ಬೇಕಾದ ಗಾಳಿ ಒಳಗೆ ಬರುವುದು ಅಲ್ಲಿಂದ. ಅದರ ಬಾಯಿಗೆ ಒಂದು ಎಳೆ ಬಲೆ ಅಡ್ಡ ಬಂದರೂ ಸಾಕು, ಗಾಳಿ ಕಮ್ಮಿಯಾಗಿ ಉರಿ ಹಳದಿಯಾಗುತ್ತದೆ, ಮೆತ್ತಗಾಗುತ್ತದೆ, ಕಡ್ಡಿಗೆ ಬಿಸಿ ತಾಗುವುದಿಲ್ಲ. ಕೋಣೆ ತುಂಬ ಆಮ್ಲಜನಕ ಇದ್ದರೂ ಹೀಟರ್ ಆರುತ್ತದೆ.

ಸ್ವಚ್ಛ ಮಾಡುವುದಕ್ಕೆ ಸಿಲಿಂಡರ್ ಬಿಚ್ಚಿಡಿ, ಹೀಟರ್ ಪೂರ್ತಿ ತಣ್ಣಗಾಗಲಿ. ಹೊರಗೆ ತಂದು, ಕಂಪ್ಯೂಟರ್ ಕೀಬೋರ್ಡ್ ಧೂಳು ತೆಗೆಯುವ ಗಾಳಿಯ ಡಬ್ಬಿ ಸಿಗುತ್ತದಲ್ಲ, ಅದರ ತೆಳ್ಳನೆ ಕೊಳವೆಯನ್ನು ಆ ಗಾಳಿ ಕಿಂಡಿಯ ಹತ್ತಿರ ಹಿಡಿದು ಚಿಕ್ಕ ಚಿಕ್ಕದಾಗಿ ಊದಿ. ಆಮೇಲೆ ಮುಂದಿನ ಜಾಲರಿಯ ಮೂಲಕ ಪೈಲಟ್ ತುದಿಗೆ ಊದಿ. ಪಿನ್ನು, ತಂತಿ, ಸೂಜಿ ಚುಚ್ಚಲೇ ಬೇಡಿ. ಆ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಸೆನ್ಸರಿನ ಲೆಕ್ಕ ತಪ್ಪುತ್ತದೆ, ಆಮೇಲೆ ನಿಜವಾಗಿ ಆಮ್ಲಜನಕ ಕಮ್ಮಿಯಾದಾಗ ಅದು ಆರದೆ ಇರಬಹುದು. ಥರ್ಮೋಕಪಲ್ ತುದಿಯ ಮೇಲೆ ಮಸಿ ಕೂತಿದ್ದರೆ ನಯವಾದ ಉಪ್ಪುಕಾಗದದಿಂದ ಹಗುರವಾಗಿ ಒರೆಸಿ.

ಉರಿ ನೀಲಿಯಾಗಿ ಚೆನ್ನಾಗಿದೆ, ಕಡ್ಡಿ ಕೆಂಪಗಾಗಿದೆ, ಆದರೂ ಆರುತ್ತಿದೆ ಅಂದರೆ ಆ ಮಿಲಿವೋಲ್ಟ್ ಕರೆಂಟ್ ದಾರಿಯಲ್ಲಿ ಸೋರುತ್ತಿದೆ. ಇಂಥ ಹಲವು ಹೀಟರ್‌ಗಳಲ್ಲಿ ವಾಲಿದರೆ ಆರಿಸುವ ಸ್ವಿಚ್ಚನ್ನು ಥರ್ಮೋಕಪಲ್ ವೈರಿನ ಮಧ್ಯದಲ್ಲೇ ಸೇರಿಸಿರುತ್ತಾರೆ. ಅದರ ಕ್ಲಿಪ್ಪುಗಳು ಗಾಡಿಯ ಕುಲುಕಾಟಕ್ಕೆ ಸಡಿಲವಾಗುತ್ತವೆ, ತೇವಕ್ಕೆ ಕಿಲುಬು ಹಿಡಿಯುತ್ತವೆ. ದೊಡ್ಡ ಕರೆಂಟಿಗೆ ಅಷ್ಟು ಕಿಲುಬು ಲೆಕ್ಕಕ್ಕೇ ಇಲ್ಲ, ಮಿಲಿವೋಲ್ಟಿಗೆ ಅದೇ ದೊಡ್ಡ ಅಡ್ಡಿ. ಆ ಕ್ಲಿಪ್ಪುಗಳನ್ನು ಬಿಚ್ಚಿ, ಒರೆಸಿ, ಬಿಗಿಯಾಗಿ ಮತ್ತೆ ಸಿಗಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಅದೇ ಸ್ವಿಚ್ ಕಾರಣಕ್ಕೆ, ಗಾಡಿ ಓರೆಯಾಗಿ ನಿಂತಿದ್ದರೆ ಅಥವಾ ಹೀಟರನ್ನು ದಪ್ಪ ಕಾರ್ಪೆಟ್ ಮೇಲೆ ಇಟ್ಟಿದ್ದರೆ ಕೂಡ ಆರಬಹುದು. ಗಟ್ಟಿ, ಸಮತಟ್ಟು ಜಾಗದಲ್ಲಿಟ್ಟು ನೋಡಿ.

ಕಿಡಿಯೇ ಬರುತ್ತಿಲ್ಲ ಅನ್ನುವುದು ಸಣ್ಣ ತೊಂದರೆ. ಕಿಡಿ ಕೊಡುವ ತಂತಿ ಒದ್ದೆಯಾಗಿರಬಹುದು, ಬಾಗಿರಬಹುದು, ಸವೆದಿರಬಹುದು. ಉದ್ದ ಮೂತಿಯ ಗ್ಯಾಸ್ ಲೈಟರಿನಿಂದ ಪೈಲಟ್ ಹತ್ತಿಸಿದರೆ ಕೆಲಸ ನಡೆಯುತ್ತದೆ. ಬೇಗ ಹತ್ತಲಿಲ್ಲ ಅಂದರೆ ಮಾತ್ರ ನಾಬ್ ಆಫ್ ಮಾಡಿ, ಐದು ನಿಮಿಷ ಬಾಗಿಲು ತೆರೆದಿಟ್ಟು, ಸೇರಿರುವ ಗ್ಯಾಸ್ ಹೋದ ಮೇಲೆ ಮತ್ತೆ ಪ್ರಯತ್ನಿಸಿ.

ಗ್ಯಾಸೇ ಸರಿಯಾಗಿ ಬರದಿದ್ದರೆ

ಉರಿ ಹತ್ತುತ್ತದೆ ಆದರೆ ಸಣ್ಣಗಿದೆ, ಹೈ ಇಟ್ಟರೂ ಮುಂಭಾಗದ ಬರ್ನರಿನ ಸೆರಾಮಿಕ್ ಟೈಲ್ ಪೂರ್ತಿ ಕೆಂಪಗಾಗುತ್ತಿಲ್ಲ, ಸ್ವಲ್ಪ ಹೊತ್ತಿಗೆ ಸೊರಗಿ ಆರುತ್ತದೆ. ಇದು ಗ್ಯಾಸ್ ಸಾಲದಿರುವ ಲಕ್ಷಣ.

ಮೊದಲು ಸಿಲಿಂಡರ್ ಖಾಲಿಯಾಗಿದೆಯಾ ನೋಡಿ. ಇದು ತೀರಾ ಸಾಮಾನ್ಯ ಮಾತಾಯಿತು ಅನ್ನಿಸಬಹುದು, ಆದರೆ 1 ಪೌಂಡಿನ ಹಸಿರು ಡಬ್ಬಿ ಎಷ್ಟು ಬೇಗ ಮುಗಿಯುತ್ತದೆ ಅನ್ನುವ ಅಂದಾಜು ಬಹಳ ಜನಕ್ಕೆ ಇಲ್ಲ. 1 ಪೌಂಡ್ ಪ್ರೊಪೇನ್‌ನಲ್ಲಿ ಇರುವುದು ಸುಮಾರು 21,600 ಬಿಟಿಯು. 9,000ದಲ್ಲಿ ಉರಿಸಿದರೆ ಎರಡೂವರೆ ಗಂಟೆಯೂ ಬರುವುದಿಲ್ಲ, 4,000ದಲ್ಲಾದರೆ ಐದೂವರೆ ಗಂಟೆಯ ಹತ್ತಿರ. ಅಡುಗೆಮನೆ ತಕ್ಕಡಿಯಲ್ಲಿಟ್ಟು ತೂಗಿ: ತುಂಬಿದ ಡಬ್ಬಿ 850 ಗ್ರಾಂ ಮೇಲಿರುತ್ತದೆ, ಖಾಲಿಯದು ಸುಮಾರು 400 ಗ್ರಾಂ. ಅಲ್ಲಾಡಿಸಿ ಊಹಿಸುವುದಕ್ಕಿಂತ ಇದು ವಾಸಿ.

ಡಬ್ಬಿಯಲ್ಲಿ ಇನ್ನೂ ಗ್ಯಾಸ್ ಇದ್ದೂ ಉರಿ ಸೊರಗುತ್ತಿದ್ದರೆ ಡಬ್ಬಿಯ ಮೈ ಮುಟ್ಟಿ ನೋಡಿ. ಹಿಮದಂತೆ ತಣ್ಣಗಿದ್ದು ಕೆಳಗಿನ ಅರ್ಧಕ್ಕೆ ಬಿಳಿ ಪುಡಿ ಕಟ್ಟಿದ್ದರೆ ವಿಷಯ ಅಲ್ಲೇ ಇದೆ. ಒಳಗೆ ಇರುವುದು ದ್ರವ ಪ್ರೊಪೇನ್. ಅದು ಆವಿಯಾಗಿ ಮೇಲೆ ಬಂದರೇ ಉರಿಗೆ ಗ್ಯಾಸ್. ಆವಿಯಾಗುವುದಕ್ಕೆ ಬೇಕಾದ ಬಿಸಿಯನ್ನು ಅದು ತನ್ನಿಂದಲೇ, ಡಬ್ಬಿಯ ಮೈಯಿಂದಲೇ ಎಳೆದುಕೊಳ್ಳುತ್ತದೆ, ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವ ಹಾಗೆ. ತಣ್ಣಗಾದಷ್ಟೂ ಒತ್ತಡ ಇಳಿಯುತ್ತದೆ. 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರೊಪೇನ್ ಒತ್ತಡ ಸುಮಾರು 110 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ), ಸೊನ್ನೆಯ ಹತ್ತಿರ ಸುಮಾರು 50, ಮೈನಸ್ 18ರಲ್ಲಿ ಸುಮಾರು 25 ಅಷ್ಟೇ. ಪುಟ್ಟ ಡಬ್ಬಿ, ಅರ್ಧ ಖಾಲಿ, ಹೊರಗೆ ಕೊರೆಯುವ ಚಳಿ, ಅದರ ಮೇಲೆ ಹೀಟರ್ ಹೈನಲ್ಲಿ. ಆವಿಯಾಗುವ ವೇಗ ಸಾಲುವುದಿಲ್ಲ. ಆಗ ಲೋಗೆ ಇಳಿಸಿ, ಅಥವಾ ಡಬ್ಬಿ ಬದಲಿಸಿ. ಡಬ್ಬಿಗೆ ಬಿಸಿನೀರು ಹುಯ್ಯುವುದು, ಉರಿಯ ಹತ್ತಿರ ಇಡುವುದು ಮಾತ್ರ ಬೇಡವೇ ಬೇಡ.

ಅಂದಹಾಗೆ ಭಾರತದ ಅಡುಗೆ ಸಿಲಿಂಡರಿನಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಮಿಶ್ರಣ. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ, ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಚಳಿ ದೇಶಗಳಲ್ಲಿ ಪ್ರೊಪೇನ್ ಬಳಸುವುದು ಇದಕ್ಕೇ. ಕ್ಯಾಂಪಿಂಗ್ ಅಂಗಡಿಯಲ್ಲಿ ಸಿಗುವ ಬ್ಯೂಟೇನ್ ಡಬ್ಬಿಯನ್ನು ಯಾವುದೋ ಅಡಾಪ್ಟರ್ ಹಾಕಿ ಈ ಹೀಟರಿಗೆ ಜೋಡಿಸಲು ಹೋಗಬೇಡಿ.

ಡಬ್ಬಿ ಬದಲಿಸಿ ಬದಲಿಸಿ ಸಾಕಾಗಿ ಬಹಳ ಜನ 20 ಪೌಂಡಿನ ದೊಡ್ಡ ಸಿಲಿಂಡರಿಗೆ ಪೈಪ್ ಹಾಕುತ್ತಾರೆ. ಸಿಲಿಂಡರ್ ಗಾಡಿಯ ಹೊರಗೇ ಇರಬೇಕು, ಇದರಲ್ಲಿ ಎರಡು ಮಾತಿಲ್ಲ. ಲೆಕ್ಕ ಒಳ್ಳೆಯದೇ, 9,000ದಲ್ಲಿ ಸುಮಾರು 48 ಗಂಟೆ ಬರುತ್ತದೆ. ಆದರೆ ಹೊಸ ತೊಂದರೆಗಳೂ ಜೊತೆಗೆ ಬರುತ್ತವೆ.

ಅಮೆರಿಕದ ಆ ಸಿಲಿಂಡರುಗಳಿಗೆ ಹಾಕುವ, ಕೈಯಲ್ಲೇ ತಿರುಗಿಸುವ ಪ್ಲಾಸ್ಟಿಕ್ ನಟ್ಟಿನ ಕನೆಕ್ಟರ್ ಒಳಗೆ ಒಂದು ಕಾವಲು ಇದೆ. ಪೈಪ್ ತುಂಡಾಗಿ ಗ್ಯಾಸ್ ನುಗ್ಗಿದರೆ ಅದು ಹರಿವನ್ನು ಬಹುಪಾಲು ತಡೆದುಬಿಡುತ್ತದೆ. ನೀವು ವಾಲ್ವನ್ನು ಸರ್ರನೆ ಪೂರ್ತಿ ತಿರುಗಿಸಿದರೆ ಅದಕ್ಕೆ ಪೈಪೇ ತುಂಡಾದಂತೆ ಕಾಣುತ್ತದೆ. ಆಮೇಲೆ ಹನಿ ಹನಿಯಷ್ಟೇ ಗ್ಯಾಸ್. ಹೀಟರ್ ನಾಬ್ ಆಫ್ ಮಾಡಿ, ಸಿಲಿಂಡರ್ ವಾಲ್ವ್ ಮುಚ್ಚಿ, ಒಂದೆರಡು ನಿಮಿಷ ಬಿಟ್ಟು, ವಾಲ್ವನ್ನು ನಿಧಾನವಾಗಿ, ಬಹಳ ನಿಧಾನವಾಗಿ ತೆರೆಯಿರಿ. ಆಮೇಲೆ ಹೀಟರ್ ಹತ್ತಿಸಿ. ಸಿಲಿಂಡರ್ ತುಂಬಿದ್ದೂ ಉರಿ ಸಣ್ಣಗಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಎರಡನೆಯದು ಎಣ್ಣೆ. ದೊಡ್ಡ ಸಿಲಿಂಡರಿನ ಪೂರ್ತಿ ಒತ್ತಡ ರಬ್ಬರ್ ಪೈಪಿನಲ್ಲಿ ನಿಂತಾಗ, ಪೈಪ್ ಮೆತ್ತಗಿರಲಿ ಅಂತ ಬೆರೆಸಿರುವ ರಾಸಾಯನಿಕ ನಿಧಾನವಾಗಿ ಪ್ರೊಪೇನಿಗೆ ಇಳಿದು ಜಿಡ್ಡಾಗಿ ಹೀಟರ್ ಒಳಗೆ ಸೇರುತ್ತದೆ, ರೆಗ್ಯುಲೇಟರ್, ಪೈಲಟ್ ಎಲ್ಲ ಕಟ್ಟಿಕೊಳ್ಳುತ್ತವೆ. ಜಿಡ್ಡು ಬಿಡದ ಪೈಪ್ ಅಂತಲೇ ಬೇರೆ ಸಿಗುತ್ತದೆ, ಇಲ್ಲವೇ ಪೈಪ್ ಮತ್ತು ಹೀಟರ್ ನಡುವೆ ಹಾಕುವ ಫಿಲ್ಟರ್ ಸಿಗುತ್ತದೆ. ಇದರಲ್ಲಿ ಒಂದಂತೂ ಇರಲೇಬೇಕು. ಪೈಪ್ ಬಿಚ್ಚಿದಾಗ ಅದರ ಬಾಯಿಯಲ್ಲಿ ಹಳದಿ ಜಿಡ್ಡು ಕಂಡರೆ ಹೀಟರ್ ಒಳಗೂ ಹೋಗಿದೆ ಅಂತಲೇ ತಿಳಿಯಿರಿ.

ಮೂರನೆಯದು, ಗಾಡಿಯ ಸ್ವಂತ ಗ್ಯಾಸ್ ಲೈನಿಗೆ ಜೋಡಿಸುವುದು. ಆ ಲೈನಿನಲ್ಲಿ ಬರುವ ಗ್ಯಾಸ್ ಮೊದಲೇ ರೆಗ್ಯುಲೇಟರ್ ದಾಟಿ ಬಂದಿರುತ್ತದೆ, ಒತ್ತಡ 0.4 ಪಿಎಸ್‌ಐನಷ್ಟು ಮಾತ್ರ. ಹೀಟರ್ ಒಳಗಿನ ರೆಗ್ಯುಲೇಟರ್ ಡಬ್ಬಿಯ ದೊಡ್ಡ ಒತ್ತಡಕ್ಕಾಗಿ ಮಾಡಿದ್ದು. ಎರಡು ರೆಗ್ಯುಲೇಟರ್ ಒಂದರ ಹಿಂದೆ ಒಂದು ಬಂದರೆ ಉರಿ ಸೊರಗಲೇಬೇಕು. ಕಡಿಮೆ ಒತ್ತಡದ ಲೈನಿಗೆ ಅಂತಲೇ ತಯಾರಾದ ಹೀಟರ್ ಬೇಕು, ಅಥವಾ ಕಂಪನಿಯೇ ಒಪ್ಪಿರುವ ಕಿಟ್ ಬೇಕು.

ಗಾಳಿ, ಹೊಗೆ, ನೀರು

ಹತ್ತು ಹದಿನೈದು ನಿಮಿಷ ಚೆನ್ನಾಗಿ ಉರಿದು ಆರುತ್ತದೆ, ಬಾಗಿಲು ತೆರೆದು ಗಾಳಿ ಬಂದ ಮೇಲೆ ಮತ್ತೆ ಹತ್ತುತ್ತದೆ. ಇದು ನಿಮ್ಮ ಹೀಟರ್ ಕಥೆಯಾಗಿದ್ದರೆ ಅದು ಸರಿಯಾಗಿಯೇ ಇದೆ, ಗಾಡಿಯೊಳಗೆ ಗಾಳಿ ಸಾಲುತ್ತಿಲ್ಲ. ತಡ ಮಾಡದೆ ಕಿಟಕಿ ತೆರೆಯಿರಿ. ಸಣ್ಣ ಬಡ್ಡಿ ಹೀಟರಿಗೂ ಕನಿಷ್ಠ 4 ಚದರ ಇಂಚಿನಷ್ಟು ತೆರೆದ ಜಾಗ ಬೇಕು ಅನ್ನುತ್ತದೆ ಕಂಪನಿ. ಕೆಳಗೊಂದು, ಮೇಲೊಂದು ದಾರಿ ಇದ್ದರೆ ಗಾಳಿ ಓಡಾಡುತ್ತದೆ: ಒಂದು ಕಿಟಕಿ ಸ್ವಲ್ಪ, ಛಾವಣಿಯ ವೆಂಟ್ ಸ್ವಲ್ಪ. ಬಿಸಿ ಹೊರಗೆ ಹೋಗುತ್ತದೆ ಅಂತ ಮುಚ್ಚಬೇಡಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಗಟ್ಟಿಯಾಗಿ ಬೇರೂರಿದೆ. ಆಮ್ಲಜನಕದ ಸೆನ್ಸರ್ ಇದೆಯಲ್ಲ, ಕಾರ್ಬನ್ ಮೊನಾಕ್ಸೈಡ್ ಭಯವಿಲ್ಲ ಅನ್ನುವುದು. ಅದು ಕಾರ್ಬನ್ ಮೊನಾಕ್ಸೈಡನ್ನು ಅಳೆಯುವುದೇ ಇಲ್ಲ. ಬರ್ನರ್ ಟೈಲ್ ಬಿರುಕು ಬಿಟ್ಟಿದ್ದರೆ, ಮಸಿ ಕಟ್ಟಿದ್ದರೆ, ಧೂಳು ತುಂಬಿದ್ದರೆ, ಕೋಣೆಯಲ್ಲಿ ಆಮ್ಲಜನಕ ಬೇಕಾದಷ್ಟು ಇರುವಾಗಲೇ ಆ ವಿಷಾನಿಲ ಹುಟ್ಟಬಹುದು. ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮಲ್ಲಿ ಬಾತ್‌ರೂಮಿನ ಗ್ಯಾಸ್ ಗೀಸರ್‌ನಿಂದ ಜನ ಸತ್ತ ಸುದ್ದಿ ಚಳಿಗಾಲದಲ್ಲಿ ಓದುತ್ತೇವಲ್ಲ, ಅಲ್ಲಿ ಕೊಂದದ್ದೂ ಇದೇ. ತಲೆನೋವು, ವಾಕರಿಕೆ, ಮಂಪರು ಬಂದರೆ ಚಳಿಯಿಂದ ಅಂದುಕೊಂಡು ಹೊದ್ದು ಮಲಗಬೇಡಿ. ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆದುಕೊಂಡು ಬನ್ನಿ, 911ಕ್ಕೆ ಫೋನ್ ಮಾಡಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇಕೇ ಬೇಕು. ಆದರೆ ಅದರ ಮಿತಿಯೂ ಗೊತ್ತಿರಲಿ. ಈ ಅಲಾರಂಗಳಿಗೆ ಅಮೆರಿಕದಲ್ಲಿರುವ ಯುಎಲ್ 2034 ಮಾನದಂಡದ ಪ್ರಕಾರ ಗಾಳಿಯಲ್ಲಿ ಆ ಅನಿಲ 70 ಪಿಪಿಎಂ (ಹತ್ತು ಲಕ್ಷಕ್ಕೆ 70 ಪಾಲು) ಇದ್ದರೆ ಅಲಾರಂ ಕೂಗಲು ಒಂದರಿಂದ ನಾಲ್ಕು ಗಂಟೆ ಹಿಡಿಯಬಹುದು, 150 ಇದ್ದರೆ 10ರಿಂದ 50 ನಿಮಿಷ, 400 ಇದ್ದರೆ 4ರಿಂದ 15 ನಿಮಿಷ. 70ಕ್ಕಿಂತ ಕಡಿಮೆ ಇದ್ದರೆ ಕೂಗದೆಯೂ ಇರಬಹುದು. ಸಂಖ್ಯೆ ತೋರಿಸುವ ಪರದೆ ಇರುವಂಥದ್ದು ತಗೊಂಡರೆ ಕೂಗುವ ಮೊದಲೇ ನಿಮಗೆ ತಿಳಿಯುತ್ತದೆ. ಅಲಾರಂ ಇದೆ ಅಂತ ಹೀಟರ್ ಹಚ್ಚಿಟ್ಟು ಮಲಗುವ ಹಾಗಂತೂ ಇಲ್ಲ. ಎಚ್ಚರ ಇರುವಾಗ, ಕಣ್ಣಮುಂದೆ ಮಾತ್ರ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಅಮೆರಿಕದ ಅನೇಕ ಆರ್‌ವಿಗಳಲ್ಲಿ ಒಲೆಯ ಹತ್ತಿರ ಒಂದು ಎಚ್ಚರಿಕೆ ಚೀಟಿ ಅಂಟಿಸಿರುತ್ತಾರೆ: ಇಂಧನ ಉರಿಸುವ, ಎತ್ತಿಕೊಂಡು ಹೋಗುವಂಥ ಸಾಧನಗಳನ್ನು ಒಳಗೆ ಬಳಸಬಾರದು ಅಂತ. ಹೀಟರ್ ಪೆಟ್ಟಿಗೆಯ ಮೇಲೆ ಒಳಗೆ ಬಳಸಬಹುದು ಅಂತ ಬರೆದಿರುತ್ತದೆ. ಎರಡೂ ಹೊಂದುವುದಿಲ್ಲ. ಬಾಡಿಗೆ ಗಾಡಿಯಾದರೆ ಒಪ್ಪಂದ ಓದಿ, ಬೇಡ ಅಂತ ಇದ್ದರೆ ಬೇಡ. ಸ್ವಂತ ಗಾಡಿಯಾದರೂ ಆ ಚೀಟಿಯ ಹಿಂದಿನ ಕಾರಣ ಬದಲಾಗುವುದಿಲ್ಲ.

ಬೆಳಗ್ಗೆ ಕಿಟಕಿ ಗಾಜಿನ ಒಳಮೈಯಲ್ಲಿ ನೀರು ಧಾರೆಯಾಗಿ ಇಳಿಯುತ್ತಿದ್ದರೆ ಛಾವಣಿ ಸೋರುತ್ತಿದೆ ಅಂತ ಗಾಬರಿ ಬೇಡ. 1 ಪೌಂಡ್ ಪ್ರೊಪೇನ್ ಉರಿದರೆ ಸುಮಾರು 1.6 ಪೌಂಡ್ ನೀರಾವಿ ಹುಟ್ಟುತ್ತದೆ, ಅಂದರೆ ಮುಕ್ಕಾಲು ಲೀಟರ್ ನೀರು. ಗಾಡಿಯ ಫರ್ನೇಸ್ ತನ್ನ ಹೊಗೆಯನ್ನು ಆವಿ ಸಮೇತ ಹೊರಗೆ ಬಿಡುತ್ತದೆ, ಈ ಹೀಟರ್ ಎಲ್ಲವನ್ನೂ ಕೋಣೆಯೊಳಗೇ ಬಿಡುತ್ತದೆ. ಹಾಸಿಗೆಯ ಅಡಿ ಒದ್ದೆ, ಗೋಡೆಯ ಮೂಲೆಯಲ್ಲಿ ಬೂಷ್ಟು. ಇದಕ್ಕೂ ಮದ್ದು ಆ ತೆರೆದ ಕಿಟಕಿಯೇ.

ಸೋರಿಕೆ

ಡಬ್ಬಿ ಹಾಕಿದಾಗಲೆಲ್ಲ ಜೋಡಣೆಯ ಮೇಲೆ ಸೋಪು ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಬಿಚ್ಚಿ ಮತ್ತೆ ಹಾಕಿ. ಡಬ್ಬಿಯನ್ನು ಕೈಯಿಂದಲೇ ಬಿಗಿ ಮಾಡಬೇಕು, ಸ್ಪ್ಯಾನರ್ ಹಾಕಿದರೆ ತಿರುಪಿನ ಮರೆ ಹಾಳಾಗುತ್ತದೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಸೇರುತ್ತದೆ, ಆರ್‌ವಿಗಳಲ್ಲಿ ಗ್ಯಾಸ್ ಡಿಟೆಕ್ಟರ್ ಕಾಲಿನ ಹತ್ತಿರ ಇರುವುದು ಅದಕ್ಕೇ. ಅದರ ಮುಂದೆ ಚೀಲ, ಚಪ್ಪಲಿ ಒಟ್ಟಬೇಡಿ. ಬಿಸಾಡುವ 1 ಪೌಂಡಿನ ಡಬ್ಬಿಗೆ ಮತ್ತೆ ಗ್ಯಾಸ್ ತುಂಬಿಸಿ ಬಳಸುವವರಿದ್ದಾರೆ. ಅದರ ವಾಲ್ವ್ ಆ ಕೆಲಸಕ್ಕೆ ಮಾಡಿದ್ದಲ್ಲ, ಸೋರುತ್ತದೆ. ಹಾಗೆ ತುಂಬಿಸಿದ ಡಬ್ಬಿಯನ್ನು ಸಾಗಿಸುವುದಕ್ಕೆ ಅಮೆರಿಕದ ಕಾನೂನಿನ ಅಡ್ಡಿ ಇದೆ, ಡಬ್ಬಿಯ ಮೇಲೇ ಅಚ್ಚು ಹಾಕಿರುತ್ತಾರೆ. ಮತ್ತೆ ತುಂಬಿಸುವುದಕ್ಕೆಂದೇ ಮಾಡಿದ ಡಬ್ಬಿಗಳು ಬೇರೆ ಸಿಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2028ರ ಜನವರಿಯಿಂದ ಬಿಸಾಡುವ ಡಬ್ಬಿಯ ಮಾರಾಟವೇ ನಿಲ್ಲುತ್ತದೆ.

ಯಾವುದನ್ನು ರಿಪೇರಿ ಮಾಡಬಹುದು, ಯಾವುದನ್ನು ಬಿಡಬೇಕು ಅನ್ನುವುದಕ್ಕೆ ನನ್ನ ಲೆಕ್ಕ ಹೀಗಿದೆ. ಥರ್ಮೋಕಪಲ್, ಕಿಡಿ ಕೊಡುವ ಭಾಗ, ವಾಲುವ ಸ್ವಿಚ್, ಪೈಪ್, ಫಿಲ್ಟರ್ ಇವೆಲ್ಲ ಕಂಪನಿಯ ಬಿಡಿಭಾಗಗಳಾಗಿ ಸಿಗುತ್ತವೆ, ಕೈಪಿಡಿ ನೋಡಿಕೊಂಡು ಬದಲಿಸಬಹುದು. ಪೈಲಟ್ ಹಾಳಾಗಿದ್ದರೆ ಅದರ ಪೂರ್ತಿ ಜೋಡಣೆಯನ್ನೇ ಬದಲಿಸಿ. ಬರ್ನರ್ ಟೈಲ್ ಬಿರುಕು ಬಿಟ್ಟಿದ್ದರೆ, ಆಫ್ ಮಾಡಿದ ಮೇಲೂ ರೆಗ್ಯುಲೇಟರ್ ಹತ್ತಿರ ಸುಯ್ ಅನ್ನುವ ಸದ್ದಿದ್ದರೆ, ಹೀಟರ್ ಒಮ್ಮೆ ನೀರಲ್ಲಿ ಮುಳುಗಿದ್ದರೆ, ಅಥವಾ ಸೆಕೆಂಡ್ ಹ್ಯಾಂಡ್ ತಗೊಂಡಿದ್ದನ್ನು ಬಿಚ್ಚಿ ನೋಡಿದಾಗ ಹಿಂದಿನವರು ಸ್ವಿಚ್ಚಿನ ವೈರುಗಳನ್ನು ನೇರ ಜೋಡಿಸಿಬಿಟ್ಟಿದ್ದರೆ, ಅದನ್ನು ಒಳಗೆ ಹಚ್ಚಬೇಡಿ. ಹೊಸದು ತಗೊಳ್ಳಿ. ಚಳಿಗಾಲ ಮುಗಿದ ಮೇಲೆ ಡಬ್ಬಿ ಬಿಚ್ಚಿ, ಗ್ಯಾಸ್ ಒಳಬರುವ ಬಾಯಿಗೆ ಮುಚ್ಚಳ ಹಾಕಿ, ಇಡೀ ಹೀಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ಜೇಡ ಒಳಗೆ ಹೋಗದಿದ್ದರೆ ಮುಂದಿನ ಅಕ್ಟೋಬರಿನ ಅರ್ಧ ತೊಂದರೆ ಬರುವುದೇ ಇಲ್ಲ.